ಮೊದಲ ಭಾಗದ ಹನ್ನೊಂದು ಫಾರಂಗಳು

ನನ್ನ ಹೆಂಡತಿ ಬರೆದಿಟ್ಟು ಹೋದದ್ದು ಒಂದೇ ಕಥೆ, ಐದು ಭಾಗ. ಜನರನ್ನು ಹೊಳೆ ದಾಟಿಸುವ ಒಬ್ಬ ಹೆಂಗಸಿನ ಕಥೆ. ಅವಳು ಬರೆದದ್ದನ್ನೆಲ್ಲ ನಾನು ಶುದ್ಧಪ್ರತಿ ಮಾಡುತ್ತಿದ್ದೆ. ಅವಳು ತೀರಿಕೊಂಡ ಹತ್ತು ತಿಂಗಳಿಗೆ ನಾನೂ ಮಗಳೂ ಸೇರಿ, ಯಾವ ಪ್ರಕಾಶಕರ ಬಾಗಿಲಿಗೂ ಹೋಗದೆ, ನಾವೇ ಮೊದಲ ಭಾಗವನ್ನು ಅಚ್ಚಿಗೆ ಕೊಟ್ಟೆವು. ಉಳಿದ ನಾಲ್ಕನ್ನು ಯಾವಾಗ ತರುವುದು ಎಂಬಲ್ಲಿ ಮಾತು ನಿಂತಿತು.

"ಆರು ತಿಂಗಳಿಗೊಂದು ತನ್ನಿ ಸ್ವಾಮಿ. ಐದೂ ಒಟ್ಟಿಗೆ ಇಟ್ರೆ ಜನ ದಪ್ಪ ನೋಡಿಯೇ ಓಡ್ತಾರೆ" ಎಂದರು ಪ್ರೆಸ್ಸಿನ ಯಜಮಾನರು.

ಮಗಳು ಒಪ್ಪಲಿಲ್ಲ. "ಈಗಿನವರಿಗೆ ಕಾಯೋ ತಾಳ್ಮೆ ಎಲ್ಲಿದೆ ಅಪ್ಪ? ಆರು ತಿಂಗಳಲ್ಲಿ ಅಮ್ಮನ ಹೆಸರೇ ಮರೆತುಬಿಡ್ತಾರೆ."

ನನ್ನ ಕಾರಣ ಬೇರೆ. ನನಗೆ ಎಪ್ಪತ್ತೆಂಟು. ಹೃದಯದ ಸಂಗತಿಯನ್ನು ಡಾಕ್ಟರು ನನಗೆ ಮುಚ್ಚಿಟ್ಟಿರಲಿಲ್ಲ. ಆರು ತಿಂಗಳಿಗೊಂದರಂತೆ ಕೊನೆಯ ಭಾಗಕ್ಕೆ ಎರಡು ವರ್ಷ. ಐದು ಪುಸ್ತಕಗಳೂ ಒಂದರ ಪಕ್ಕ ಒಂದು ನಿಂತದ್ದನ್ನು ನೋಡಿ ಕಣ್ಣು ಮುಚ್ಚಬೇಕು, ಅಷ್ಟನ್ನು ನಡೆಸಿಕೊಡು ಎಂದು ದಿನಾ ಬೆಳಿಗ್ಗೆ ಭಗವಂತನನ್ನು ಕೇಳಿಕೊಳ್ಳುತ್ತಿದ್ದೆ. ಮಗಳಿಗೆ ಇದನ್ನು ಹೇಳಲಿಲ್ಲ. "ನೀನು ಹೇಳಿದ್ದೇ ಸರಿ, ಒಟ್ಟಿಗೇ ತರೋಣ" ಎಂದಷ್ಟೇ ಅಂದೆ.

ಮಾರನೆಯ ದಿನ ಅದನ್ನು ತಿಳಿಸಲು ಪ್ರೆಸ್ಸಿಗೆ ಹೋದೆ. ಯಜಮಾನರು ಮಹಡಿಯ ಮೇಲೆ ಇದ್ದಾರೆ ಎಂದರು ಕೆಳಗಿದ್ದವರು. ಕಂಬಿ ಹಿಡಿದು ನಿಧಾನವಾಗಿ ಹತ್ತಿದೆ.

ಅಲ್ಲಿ ಉದ್ದನೆಯ ಮೇಜಿನ ಸುತ್ತ ಹನ್ನೊಂದು ಜನ ಹೆಂಗಸರು ಅಚ್ಚಾದ ಹಾಳೆಗಳನ್ನು ಮಡಿಸುತ್ತಿದ್ದರು. ಒಂದೊಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ. ಅದಕ್ಕೆ ಫಾರಂ ಎನ್ನುತ್ತಾರೆ. ಬಿಡಿಸಿಟ್ಟಾಗ ನನ್ನ ಹೆಂಡತಿಯ ಮಾತುಗಳೆಲ್ಲ ತಲೆಕೆಳಗು, ಹಿಂದುಮುಂದು. ಮೂರು ಸಲ ಮಡಿಸಿ ಮರದ ಪಟ್ಟಿಯಿಂದ ಉಜ್ಜಿದರೆ ಪ್ರತಿ ಪುಟವೂ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಅವಳ ಒಂದೊಂದು ಅಕ್ಷರವನ್ನೂ ಶುದ್ಧಪ್ರತಿ ಮಾಡಿದವನು ನಾನು. ಆದರೂ ಮೊದಲ ಸಲ ಕಂಡವನಂತೆ ನಿಂತೆ.

ಊಟದ ಗಂಟೆ ಬಾರಿಸಿತು. ಯಜಮಾನರು ಬಾಯಿಗೆ ಬೆರಳಿಟ್ಟು ನನ್ನನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿದರು.

"ಇವರದ್ದು ಒಂದು ಪದ್ಧತಿ" ಎಂದು ಪಿಸುಗುಟ್ಟಿದರು. "ಒಬ್ಬೊಬ್ಬರ ಕೈಗೆ ಒಂದೊಂದೇ ಫಾರಂ ಹೋಗುತ್ತೆ. ಪೂರ್ತಿ ಕಥೆ ಯಾರಿಗೂ ಸಿಗಲ್ಲ. ಅದಕ್ಕೆ ಫಾರಂ ಮುಗಿದ ದಿನ ಊಟಕ್ಕೆ ಸಾಲಾಗಿ ಕೂತು ಅವರವರ ಪಾಲು ಹೇಳ್ತಾರೆ."

ಡಬ್ಬಿಗಳು ತೆರೆದವು. ಒಂದನೆಯ ಫಾರಮ್ಮಿನವಳು ಶುರುಮಾಡಿದಳು. ಅವಳ ಹಾಳೆ ಮಾತಿನ ನಡುವೆ ಮುಗಿದರೆ ಅವಳೂ ಅಲ್ಲೇ ನಿಲ್ಲಿಸುವಳು. ಪಕ್ಕದವಳು ತುತ್ತು ನುಂಗಿ ಮುಂದುವರಿಸುವಳು. ನಾಲ್ಕನೆಯವಳು ಹೊಳೆಯಲ್ಲಿ ಮೊಸಳೆ ಬಂತು ಎಂದಳು.

"ಏಯ್, ಮೊಸಳೆ ಎಲ್ಲಿಂದ ಬಂತೇ?"

"ಬರಬಾರದಾ? ಹೊಳೆ ಅಲ್ವಾ?"

"ಹೋದ ತಿಂಗಳು ಅಡುಗೆ ಪುಸ್ತಕಕ್ಕೇ ಕಳ್ಳನ್ನ ನುಗ್ಗಿಸಿದವಳು ಇವಳು! ಇದ್ದದ್ದು ಇದ್ದ ಹಾಗೆ ಹೇಳೇ ಮಾರಾಯ್ತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹತ್ತು ತಿಂಗಳಿಂದ ನಮ್ಮ ಮನೆಯಲ್ಲಿ ನನ್ನ ಹೆಂಡತಿಯ ಮಾತನ್ನು ಯಾರೂ ಗಟ್ಟಿಯಾಗಿ ಆಡಿರಲಿಲ್ಲ. ಇಲ್ಲಿ ಅದು ಬಾಯಿಂದ ಬಾಯಿಗೆ, ಅನ್ನದ ಜೊತೆಗೆ ದಾಟಿ ಹೋಗುತ್ತಿತ್ತು.

ಹನ್ನೊಂದನೆಯವಳು ದಪ್ಪ ಕನ್ನಡಕದ ಮುದುಕಿ, ಎಲ್ಲರಿಗೂ ದೊಡ್ಡಮ್ಮ. ಮೊದಲ ಭಾಗದ ಕೊನೆ ಅವಳ ಪಾಲಿನದು. ಇಪ್ಪತ್ತು ವರ್ಷದ ಹಿಂದೆ ದ್ರೋಹ ಮಾಡಿ ಹೋಗಿದ್ದ ಅಕ್ಕ ಮಂಜಿನಲ್ಲಿ ಆಚೆ ದಡದಿಂದ ಕೂಗುತ್ತಾಳೆ. ದೋಣಿಯವಳು ದನಿಯ ಗುರುತು ಹಿಡಿದು, ಹುಟ್ಟು ಕೈಗೆತ್ತಿಕೊಂಡು, ನಿಂತುಬಿಡುತ್ತಾಳೆ.

"ಅಷ್ಟೇ. ಮುಂದೆ ಬಿಳೀ ಹಾಳೆ" ಎಂದಳು ದೊಡ್ಡಮ್ಮ.

ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ನನ್ನ ಎರಡು ಕೈಗಳು ತಾವಾಗಿಯೇ ಕೂಡಿಕೊಂಡಿದ್ದವು.

"ಹೋಗಬಾರದು! ಅಂಥವಳನ್ನ ಯಾಕೆ ದಾಟಿಸಬೇಕು?"

"ಒಡಹುಟ್ಟಿದವಳು ಕಣೇ. ಮಂಜಲ್ಲಿ ಬಿಟ್ಟು ಬರೋದಾ?"

"ನಿನ್ನ ಅಕ್ಕ ಆಗಿದ್ರೆ ಗೊತ್ತಾಗ್ತಿತ್ತು ನಿನಗೆ."

ಆಗ ಯಜಮಾನರು ನನ್ನನ್ನು ತೋರಿಸಿ, "ಬರೆದ ತಾಯಿಯ ಯಜಮಾನರು ಇವರೇ" ಎಂದುಬಿಟ್ಟರು. ಮೊಸಳೆಯವಳು ಎದ್ದೇ ಬಂದಳು. "ತಾತ, ದೋಣಿ ಬಿಡ್ತಾಳಾ?"

"ಹೇಳಬೇಡಿ!" ದೊಡ್ಡಮ್ಮ ಕೈ ಅಡ್ಡ ಹಿಡಿದಳು. "ಹೇಳಿಬಿಟ್ರೆ ನಾಳೆ ನಾವು ಏನಂತ ಜಗಳ ಆಡೋದು? ಸ್ವಲ್ಪ ದಿನ ಆ ದೋಣಿಯವಳು ನಮ್ಮ ಹತ್ರ ಇರ್ಲಿ. ಮುಂದಿನದು ಯಾವಾಗ, ಅಷ್ಟು ಹೇಳಿ."

ನಾನು ಐದನ್ನೂ ಒಟ್ಟಿಗೆ ಎನ್ನಲು ಬಂದವನು. ಹಾಗೆಂದರೆ ನಾಳೆಯೇ ಎರಡನೆಯ ಭಾಗದ ಹಾಳೆಗಳು ಈ ಮೇಜಿಗೆ ಬಂದು ಬೀಳುತ್ತವೆ. ದೋಣಿಯವಳು ದಡದಲ್ಲಿ ನಿಲ್ಲುವುದಕ್ಕೆ ಒಂದು ಹೊತ್ತೂ ಸಿಗುವುದಿಲ್ಲ. ನಾನು ಕಾಣಬಯಸಿದ್ದು ಕಪಾಟಿನಲ್ಲಿ ಐದು ಪುಸ್ತಕಗಳ ಬೆನ್ನುಗಳನ್ನು. ಭಗವಂತ ತೋರಿಸಿದ್ದು ಇದನ್ನು.

"ಆರು ತಿಂಗಳು" ಎಂದೆ.

"ಅಯ್ಯೋ ತಾತ!" ಎಂದು ಹನ್ನೊಂದು ಜನರೂ ಕೂಗಿದರು.

ಯಜಮಾನರನ್ನು ಪಕ್ಕಕ್ಕೆ ಕರೆದು, ನಾಲ್ಕು ಭಾಗಗಳ ಪ್ರತಿಯನ್ನೂ ನಾಳೆಯೇ ತಂದೊಪ್ಪಿಸುತ್ತೇನೆ, ಒಂದೊಂದರ ಮೇಲೂ ತಾರೀಕು ಬರೆದಿರುತ್ತದೆ ಎಂದೆ. "ನಾನು ಇದ್ದರೂ ಇಲ್ಲದಿದ್ದರೂ ದಿನ ತಪ್ಪಿಸಬೇಡಿ. ಮಗಳಿಗೆ ನಾನೇ ಹೇಳ್ತೀನಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಆಗಲಿ ಎಂದು ತಲೆಯಾಡಿಸಿದರು.

ಮೆಟ್ಟಿಲಿಳಿಯುವಾಗ ಮೇಲೆ ಮತ್ತೆ ಜಗಳ ಹತ್ತಿತ್ತು. "ದೋಣಿ ಬಿಡ್ತಾಳೆ ನೋಡ್ತಿರು." "ಬಿಡಲ್ಲ ಕಣೇ, ಅಷ್ಟು ಸಸಾರಾನಾ?" ಕಂಬಿ ಹಿಡಿದು, ಅರ್ಧ ದಾರಿಯಲ್ಲಿ, ಊಟದ ಹೊತ್ತು ಮುಗಿಯುವವರೆಗೂ ನಿಂತು ಕೇಳಿದೆ.