ಮೂವತ್ತೊಂದನೇ ನಂಬರ್ ಯಾರದ್ರಿ?

ಹೆಂಡತಿ ಸುಮಂಗಲಾ ಎದ್ದು ನಿಲ್ಲದಿದ್ದರೆ ಸಾಕು ಎಂದುಕೊಳ್ಳುತ್ತ ರಮೇಶಕುಮಾರ ಮೈಕಿನ ಕತ್ತು ಹಿಡಿದು ತನ್ನ ಎತ್ತರಕ್ಕೆ ಎಳೆದುಕೊಂಡ. ಅದು ಕಿರ್ರೆಂದಿತು. ಮೂರನೇ ಸಾಲಿನಲ್ಲಿ ಕೂತಿದ್ದ ಅವಳು ಕಿವಿ ಮುಚ್ಚಿಕೊಂಡಳು.

ಶಹಾಬಾದಿನ ಸಭಾಂಗಣದಲ್ಲಿ ಸಾಹಿತ್ಯ ಬಳಗವೊಂದರ ಕಿರುಗತೆ ಸ್ಪರ್ಧೆಯ ಫಲಿತಾಂಶ. ವಿಷಯ ‘ಸದ್ದು’, ನೂರು ಪದ ಮೀರಬಾರದು. ಸೇಡಂ, ಚಿಂಚೋಳಿ, ಚಿತ್ತಾಪುರದಿಂದೆಲ್ಲ ಕಥೆಗಳು ಬಂದಿದ್ದವು. ಈ ಬಳಗದ್ದು ಒಂದು ವಿಚಿತ್ರ ಪದ್ಧತಿ. ಕಥೆಗೆ ಹೆಸರಿಲ್ಲ, ಬರೀ ನಂಬರು. ತೀರ್ಪುಗಾರ ಗೆದ್ದ ನಂಬರನ್ನು ಕೂಗಬೇಕು, ಬರೆದವರು ತಾವಾಗಿಯೇ ಎದ್ದು ನಿಲ್ಲಬೇಕು, ಆಮೇಲೆ ತೀರ್ಪುಗಾರನೇ ಆ ಕಥೆಯನ್ನು ಸಭೆಗೆ ಓದಿ ಹೇಳಬೇಕು. ಜಾತಿ, ಊರು, ನೆಂಟಸ್ತಿಕೆಯ ಮಾತೇ ಏಳಬಾರದೆಂದು ಮಾಡಿಕೊಂಡ ಏರ್ಪಾಟು. ತೀರ್ಪುಗಾರರ ಮನೆಯವರೂ ಬರೆಯಬಹುದಿತ್ತು. ಇಬ್ಬರು ತೀರ್ಪುಗಾರರಲ್ಲಿ ಒಬ್ಬನಾದ, ಕಾಲೇಜಿನಲ್ಲಿ ಸಾಹಿತ್ಯ ಕಲಿಸುವ ರಮೇಶಕುಮಾರನೇ ಈ ನಿಯಮವನ್ನು ಹಾಡಿ ಹೊಗಳಿದ್ದ.

ಮೂವತ್ತೊಂದನೇ ಕಥೆ ಇಷ್ಟೇ. ಗಂಡ ಊಟಕ್ಕೆ ಕೂತಿದ್ದಾನೆ. ಇನ್ನೊಂದು ರೊಟ್ಟಿ ಬೇಕಾದರೆ ಬಾಯಿ ಬಿಡುವುದಿಲ್ಲ, ಗಂಗಾಳದ ಅಂಚಿಗೆ ಉಗುರಿನಿಂದ ಬಡಿಯುತ್ತಾನೆ. ಹೆಂಡತಿ ರೊಟ್ಟಿ ಹಾಕುತ್ತಾಳೆ. ಒಂದು ದಿನ ಹಾಕುವುದಿಲ್ಲ. ಬಾಯಿಬಿಟ್ಟು ಕೇಳಲಿ ಎಂದು ಕಾಯುತ್ತಾಳೆ. ಅವನು ಬಡಿಯುತ್ತಲೇ ಇರುತ್ತಾನೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅದನ್ನು ಓದಿದ ದಿನ ರಮೇಶಕುಮಾರ ಒಂದೇ ರೊಟ್ಟಿಗೆ ಕೈ ತೊಳೆದಿದ್ದ.

“ಯಾಕ್ರಿ, ಹಸಿವಿಲ್ಲೇನು?” ಎಂದಿದ್ದಳು ಸುಮಂಗಲಾ.

“ಸಾಕು.”

ಅವಳೇ ಬರೆದದ್ದು. ಸಂಶಯವೇ ಇರಲಿಲ್ಲ. ಅಂದಿನಿಂದ ಮನೆಯಲ್ಲಿ ಅವನು ಅರೆಹೊಟ್ಟೆ ಉಣ್ಣುತ್ತಿದ್ದ. ಇನ್ನೊಂದು ಬೇಕೆಂದು ಬಾಯಲ್ಲಿ ಕೇಳಬಹುದಿತ್ತು. ಕೇಳಿದರೆ ಓದಿ ಪಾಠ ಕಲಿತಂತಾಗುತ್ತದಲ್ಲ!

ಕಥೆಯನ್ನು ಬದಿಗೆ ಸರಿಸಲು ನೋಡಿದ್ದ. ಇನ್ನೊಬ್ಬ ತೀರ್ಪುಗಾರ, ನಿವೃತ್ತ ಹೆಡ್‌ಮಾಸ್ತರ ಅಬ್ದುಲ್ ಸಲಾಂ, ಬಿಡಲಿಲ್ಲ.

“ಇದಕ್ಕೇ ಫಸ್ಟ್. ಬಾತ್ ಖತಂ.”

“ಭಾಳ ಸಣ್ಣದಾತೇನೋ ಅನಸ್ತದ.”

“ಸಣ್ಣ ಕಥೀನೇ ಕೇಳೀವಲ್ರೀ ಸಾಹೇಬ್ರ?”

ಬೇಡವೆನ್ನಲು ಅವನ ಹತ್ತಿರ ಇದ್ದದ್ದು ಒಂದೇ ಕಾರಣ. ಅದನ್ನು ಹೇಳುವ ಹಾಗಿರಲಿಲ್ಲ.

“ಮೂವತ್ತೊಂದನೇ ನಂಬರ್ ಯಾರದ್ರಿ?” ಎಂದು ಈಗ ಮೈಕಿನಲ್ಲಿ ಕೇಳಿದ. “ಎದ್ದು ನಿಂದ್ರಿ.”

ಸುಮಂಗಲಾ ಬಗ್ಗಿದಳು. ಕಾಲ ಬಳಿಯ ಚೀಲ ಎತ್ತಿಕೊಂಡಳು. ನಾಳೆ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಟೇಬಲ್ಲಿಗೆ ಉಗುರು ಬಡಿಯುವುದು ಅವನಿಗೆ ಕಂಡೇಬಿಟ್ಟಿತು. ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದಳು.

ಎದ್ದು ನಿಂತವಳು ಕೊನೆಯ ಸಾಲಿನ ಒಬ್ಬ ಹುಡುಗಿ. ಸುಲೇಪೇಟದ ಶಾಲೆಯ ಟೀಚರ್, ಹಸೀನಾಬೇಗಂ.

“ನಮ್ಮ ಮನೀ ಕಥಿ ಅಲ್ರೀ ಸರ್,” ಎಂದಳು ನಾಚುತ್ತ. “ನನಗಿನ್ನಾ ಮದುವೀನೇ ಆಗಿಲ್ಲ.”

ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ರಮೇಶಕುಮಾರ ನಕ್ಕ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಮೈ ಹಗುರಾಗಿ, ಆ ಹುಡುಗಿಯ ಮೇಲೆ ಅಕ್ಕರೆಯೇ ಹುಟ್ಟಿತು. ಕಥೆಯನ್ನು ಅಭಿನಯಿಸಿಯೇ ಓದಿದ. ಗಂಗಾಳದ ಸದ್ದಿಗೆ ಮೇಜು ಬಡಿದು ತೋರಿಸಿದ. ನಮ್ಮ ಗಂಡಸರಿಗೆ ಇದೊಂದು ಕನ್ನಡಿ ಎಂದ. ಬಂದ ಪ್ರತಿ ಕಥೆಯನ್ನೂ ಎರಡೆರಡು ಸಲ ಓದಿದ್ದೇನೆ, ಒಂದೊಂದೂ ಮನಸ್ಸಿನಲ್ಲಿ ಉಳಿದಿದೆ ಎಂದೂ ಸೇರಿಸಿದ. ಚಪ್ಪಾಳೆ ಬಿತ್ತು. ಸುಮಂಗಲಾ ಕೂಡ ತಟ್ಟಿದಳು.

ಸಂಜೆ ಬೈಕಿನಲ್ಲಿ ತಮ್ಮೂರು ವಾಡಿಗೆ ಹೊರಟರು. ದಾರಿಯುದ್ದಕ್ಕೂ ಅವನು ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ರೈಲ್ವೆ ಗೇಟು ಬಿದ್ದಿತ್ತು. ಹಿಂದೆ ಮುಂದೆ ಲಾರಿಗಳು, ಜೀಪುಗಳು. ಅವನು ಎಂಜಿನ್ ಆರಿಸಿದ.

“ಭಾಳ ಛಲೋ ಓದಿದ್ರಿ,” ಎಂದಳು ಹಿಂದಿನಿಂದ.

“ಹೂಂ.”

“ನಾನೂ ಒಂದು ಬರದು ಕಳಿಸಿದ್ನಿ.”

ಅವನ ಸಿಳ್ಳೆ ನಿಂತಿತು.

“ಯಾವ್ದು?”

“ನೀವೇ ಹೇಳ್ರಿ ನೋಡಾಣು. ಎಲ್ಲಾ ಎರಡೆರಡು ಸಲ ಓದೀರಲಾ.”

ನೆನಪಿಗೆ ತಂದುಕೊಳ್ಳಲು ನೋಡಿದ. ಸಿಮೆಂಟ್ ಫ್ಯಾಕ್ಟರಿಯ ಸೈರನ್ನಿನದೊಂದು ಇತ್ತು. ಹೊಲಿಗೆ ಮಶೀನಿನದೊಂದು. ತಾಯಿ ಸತ್ತ ಮೇಲೂ ರಿಂಗಾಗುವ ಫೋನಿನದೊಂದು. ಯಾವುದು ಬೇಕಾದರೂ ಅವಳದಾಗಬಹುದಿತ್ತು, ಯಾವುದೂ ಅವಳದೆನ್ನಿಸಲಿಲ್ಲ. ಮೂವತ್ತೊಂದನೇ ಕಥೆ ಕೈಗೆ ಸಿಕ್ಕ ಮೇಲೆ ಉಳಿದವುಗಳಲ್ಲಿ ತಾನು ಇದ್ದೇನೆಯೇ ಎಂದಷ್ಟೇ ಹುಡುಕಿದ್ದ. ಇಲ್ಲವೆಂದು ಖಾತ್ರಿಯಾದದ್ದನ್ನು ಮಗುಚಿ ಹಾಕಿದ್ದ. ಇಪ್ಪತ್ತು ವರ್ಷ ಜೊತೆಗೆ ಬಾಳಿದವಳ ನೂರು ಪದ ಅವನ ಕೈ ದಾಟಿ ಹೋಗಿತ್ತು.

“ಹೊಲಿಗಿ ಮಶೀನಿಂದಾ?”

“ಅಲ್ಲ.”

“ಮತ್ತ ಆ ಸೈರನ್ನಿಂದು...”

“ಹೋಗ್ಲಿ ಬಿಡ್ರಿ. ನಾನೇ ಹೇಳ್ತೀನಿ.”

ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಮುಚ್ಚಿದ ವ್ಯಾಗನ್ನುಗಳು ಒಂದರ ಹಿಂದೊಂದು ಧಡಧಡಿಸಿದವು. ಸುಮಂಗಲಾ ಅವನ ಭುಜ ಹಿಡಿದು ಮುಂದೆ ಬಾಗಿ, ಕಿವಿಯ ಹತ್ತಿರ ಹೇಳತೊಡಗಿದಳು. ಅವಳ ಉಸಿರು ಬೆಚ್ಚಗೆ ತಾಗುತ್ತಿತ್ತು. ಮಾತು ಒಂದೂ ಕೇಳಿಸಲಿಲ್ಲ.

ಸ್ವಲ್ಪ ತಾಳು, ಗಾಡಿ ಹೋಗಲಿ ಎನ್ನಬಹುದಿತ್ತು. ಆದರೆ ಕೇಳಿಸಿಕೊಂಡರೆ ಏನಾದರೂ ಹೇಳಬೇಕಾಗುತ್ತದೆ. ಅವನು ತಲೆಯಾಡಿಸಿದ. ಅದೇ ಸಾಕೆಂಬಂತೆ ಅವಳು ಇನ್ನಷ್ಟು ಹೇಳಿದಳು. ಒಮ್ಮೆ ಭುಜದ ಮೇಲಿನ ಬೆರಳು ಬಿಗಿಯಾಯಿತು. ಅವನು ಮತ್ತೆ ತಲೆಯಾಡಿಸಿದ. ಗಾಡಿ ಉದ್ದವಿರುವುದು ಎಂಥ ಉಪಕಾರ ಎನಿಸಿತು.

ಕೊನೆಯ ಡಬ್ಬಿ ದಾಟಿತು.

“ಇಷ್ಟೇ ನೋಡ್ರಿ,” ಎಂದಳು. “ಕೇಳಿಸ್ತೋ ಇಲ್ಲೋ?”

“ಕೇಳಿಸ್ತು.”

“ಹೆಂಗದ?”

“ಛಲೋ ಅದ.”

ಅವಳು ಭುಜದ ಮೇಲಿನ ಕೈ ತೆಗೆದಳು. ಅವನು ನಿರಾಳವಾಗಿ ಉಸಿರು ಬಿಟ್ಟು ಬೈಕ್ ಚಾಲೂ ಮಾಡಿದ.

ಗೇಟು ಎದ್ದಿತು. ಮುಚ್ಚಿದ್ದಾಗ ಈ ಕಡೆಯವರು ಇಡೀ ರಸ್ತೆ ತುಂಬಿಕೊಂಡು ನಿಂತಿದ್ದರು. ಆ ಕಡೆಯವರೂ ಇಡೀ ರಸ್ತೆ ತುಂಬಿಕೊಂಡಿದ್ದರು. ಈಗ ಎರಡೂ ಕಡೆಯವರು ನುಗ್ಗಿ ಹಳಿಗಳ ಮೇಲೆ ಮುಖಕ್ಕೆ ಮುಖ ಕೊಟ್ಟು ನಿಂತರು. ಎಲ್ಲರೂ ಹಾರ್ನ್ ಒತ್ತಿದರು. ರಮೇಶಕುಮಾರನೂ ಒತ್ತಿದ. ಯಾರೂ ಹಿಂದೆ ಸರಿಯಲಿಲ್ಲ.