ಎಡ ಅವಳದು, ಬಲ ಅವನದು

"ಆಯ್ತು!" ಜಾಕ್ ಮೇಲೆ ನಿಂತ ಕಾರಿನ ಎಡಗಡೆಯ ಚಕ್ರದ ಜಾಗದಿಂದ ತಂಗಿ ಕೂಗಿದಳು. "ನಂದು ಆಯ್ತು! ಅಮ್ಮಾ, ನೀನೇ ಸಾಕ್ಷಿ!"

ಬಲಗಡೆ ಕೂತಿದ್ದ ಅಣ್ಣನ ಕೈಯಲ್ಲಿ ಇನ್ನೊಂದು ಬೋಲ್ಟು ಉಳಿದಿತ್ತು. ಅದನ್ನು ತಿರುಗಿಸುತ್ತಲೇ, "ಸರಿಯಾಗಿ ಬಿಗಿ ಮಾಡಿದ್ದೀಯೇನೇ, ಇಲ್ಲ ಗೆಲ್ಲೋ ಆತುರದಲ್ಲಿ ಸುಮ್ನೆ ಸಿಕ್ಕಿಸಿದ್ದೀಯಾ?" ಎಂದ.

"ನಿನ್ನ ಕಡೆ ನೀನು ನೋಡ್ಕೊ."

ಇದು ಆ ಮನೆಯ ಹಳೆಯ ಮಾತು. ಚಿಕ್ಕವರಿದ್ದಾಗ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಇಬ್ಬರೂ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆಚೆಗಿನದು ನಿಂದು, ಈಚೆಗಿನದು ನಂದು ಎಂದು ಬದುಕಿದವರು. ದೊಡ್ಡವರಾಗಿ ಕೆಲಸಕ್ಕೆ ಸೇರಿ, ಇಬ್ಬರೂ ಸೇರಿ ಎರಡೇ ಸೀಟಿನ ಈ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಕೊಂಡಾಗಲೂ ಗೆರೆ ಅಳಿಸಲಿಲ್ಲ. ಮೂಗಿನಿಂದ ಬಾಲದವರೆಗೆ ಎಡಭಾಗ ಅವಳದು, ಬಲಭಾಗ ಅವನದು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ತನ್ನ ಅರ್ಧವನ್ನೂ ಹಾಗೇ ಉಜ್ಜುತ್ತಿದ್ದಳು. ಅವನು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಭಾನುವಾರ ಒಂದು ಬಕೆಟ್ ನೀರು ಎರಚಿ ಕೈ ತೊಳೆದುಕೊಳ್ಳುತ್ತಿದ್ದ. ಎದುರಿನಿಂದ ನೋಡಿದರೆ ಕಾರು ಅರ್ಧ ಮುಖ ತೊಳೆದು ಎದ್ದು ಬಂದ ಹಾಗೆ ಕಾಣುತ್ತಿತ್ತು.

ತೊಂದರೆ ಒಂದೇ. ಸ್ಟಿಯರಿಂಗ್ ಇದ್ದದ್ದು ಬಲಗಡೆ. ಹಾಗಾಗಿ ವರ್ಷಕ್ಕೊಮ್ಮೆ ನಡೆಯುವ ಹಳೆ ಕಾರುಗಳ ಬೆಟ್ಟ ಹತ್ತುವ ಓಟದಲ್ಲಿ ಪ್ರತಿಸಲವೂ ಅಣ್ಣನೇ ಓಡಿಸಿದ್ದ. ಅವಳು ಪಕ್ಕದಲ್ಲಿ ಕೂತು ನೀರಿನ ಬಾಟಲಿ ಹಿಡಿದುಕೊಂಡಿದ್ದಳು.

ಈ ಸಲ ಬ್ರೇಕು ಅವಳ ಕೈಹಿಡಿಯಿತು. ತುಳಿದಾಗಲೆಲ್ಲ ಕಾರು ಒಂದು ಬದಿಗೆ ಎಳೆಯುತ್ತಿತ್ತು. ಬಿಚ್ಚಿ ನೋಡಿದರೆ ಮುಂದಿನ ಎರಡೂ ಕ್ಯಾಲಿಪರ್, ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಮುಷ್ಟಿಯ ಹಾಗೆ ಹಿಡಿದು ನಿಲ್ಲಿಸುವ ಕಬ್ಬಿಣದ ತುಂಡುಗಳು, ಸವೆದು, ತುಕ್ಕು ತಿಂದು ಅಂಟಿಕೊಂಡಿದ್ದವು. ಹೊಸ ಜೋಡಿ ತಲುಪಿದ್ದು ಓಟದ ದಿನ ಬೆಳಿಗ್ಗೆಯೇ. ಯಾರದು ಮೊದಲು ಮುಗಿಯುತ್ತೋ ಅವರು ಬೆಟ್ಟ ಹತ್ತಿಸಬೇಕು ಎಂದು ಅವಳು ಪಂದ್ಯ ಕಟ್ಟಿದಳು. ಪೆಟ್ಟಿಗೆ ಒಡೆದದ್ದೇ ತಡ, ಇಬ್ಬರೂ ಕೈಗೆ ಸಿಕ್ಕ ಒಂದೊಂದನ್ನು ಕಿತ್ತುಕೊಂಡು ತಂತಮ್ಮ ಕಡೆಗೆ ಓಡಿದ್ದರು.

ಈಗ ಬ್ರೇಕ್ ಎಣ್ಣೆಯ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಗೆ ಹಾಕುವುದೊಂದೇ ಬಾಕಿ. ಅಮ್ಮ ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ತುಳಿಯಬೇಕು, ಮಕ್ಕಳು ಕ್ಯಾಲಿಪರಿನ ಪುಟ್ಟ ತಿರುಪು ಸಡಿಲಿಸಬೇಕು. ಎಣ್ಣೆಯ ಜೊತೆ ಗಾಳಿಯ ಗುಳ್ಳೆಗಳು ಪಾರದರ್ಶಕ ಕೊಳವೆಯಲ್ಲಿ ಹಾದು ಬಾಟಲಿಗೆ ಬರಬೇಕು.

"ಒತ್ತು. ಹಿಡ್ಕೊ. ಬಿಡು," ಎಂದು ಅಣ್ಣ ಒಂದೇ ಸಮನೆ ಹೇಳಿದ. ಆಮೇಲೆ ತಂಗಿ ಅದನ್ನೇ ಹೇಳಿದಳು. ಮತ್ತೆ ಅಣ್ಣ. ಪೆಡಲ್ ಗಟ್ಟಿಯಾಗಲಿಲ್ಲ.

"ತಲೆದಿಂಬು ತುಳಿದಂಗಿದೆ ಕಣ್ರೋ," ಎಂದಳು ಅಮ್ಮ. "ಹೊಲಿಗೆ ಮೆಷಿನ್ ಇಷ್ಟು ತುಳಿದಿದ್ರೆ ಇಷ್ಟೊತ್ತಿಗೆ ಒಂದು ಅಂಗಿನಾದ್ರೂ ಆಗಿರೋದು."

"ನಿನ್ನ ಕಡೇನೇ ಗಾಳಿ ಎಳೀತಿರೋದು," ಎಂದ ಅಣ್ಣ.

"ನನ್ನ ಕಡೆ ಒಂದು ಹನಿ ಸೋರ್ತಿಲ್ಲ. ನಿಂದೇ ಇರಬೇಕು."

ಡಬ್ಬಿಯ ಎಣ್ಣೆ ಇಳಿಯುತ್ತ ಬಂತು. ಬೆಟ್ಟದ ಬುಡದಲ್ಲಿ ಕಾರುಗಳ ತಪಾಸಣೆ ಊಟದ ಹೊತ್ತಿಗೆ ಮುಗಿದುಬಿಡುತ್ತದೆ. ಆಮೇಲೆ ಕಾಲಿಗೆ ಬಿದ್ದರೂ ಒಳಗೆ ಬಿಡುವುದಿಲ್ಲ. ಅಣ್ಣ ಬಟ್ಟೆಗೆ ಕೈ ಒರೆಸಿಕೊಂಡು ಎದ್ದ.

"ಎರಡು ಸಲ ತುಳಿದ್ರೆ ಹಿಡಿಯುತ್ತಲ್ಲ, ಸಾಕು. ತಪಾಸಣೆಯವರ ಮುಂದೆ ಎರಡು ಸಲ ತುಳಿ, ಅಷ್ಟೇ. ಹತ್ತೋವಾಗ ಬ್ರೇಕ್ ಯಾರಿಗೆ ಬೇಕು?"

"ಇಳಿಯೋವಾಗ?"

"ನಿಧಾನಕ್ಕೆ ಇಳಿದ್ರಾಯ್ತು. ಓಡಿಸಬೇಕು ಓಡಿಸಬೇಕು ಅಂತ ಪ್ರಾಣ ತಿಂತಿದ್ದವಳು ನೀನೇ ತಾನೆ? ನಡಿ."

ಅವಳು ಸರಿ ಎಂದಳು. ಹೌದು, ಹೇಳಿಯೇಬಿಟ್ಟಳು. ಬೆಟ್ಟದ ಮೊದಲನೇ ತಿರುವು ಆಗಲೇ ಅವಳ ಕಣ್ಣ ಮುಂದೆ ಬಂದಿತ್ತು. ತಿರುಪಿನ ರಬ್ಬರ್ ಮುಚ್ಚಳ ಹಾಕಲೆಂದು ಮತ್ತೆ ನೆಲಕ್ಕೆ ಮಲಗಿ, ಕೆನ್ನೆಯನ್ನು ಸಿಮೆಂಟಿಗೆ ಒತ್ತಿಕೊಂಡು ಕೈ ಚಾಚಿದಳು. ಆಗ ಒಂದು ಯೋಚನೆ ಬಂತು: ನಾನು ಯಾಕೆ ಮಲಗಿದ್ದೀನಿ? ಹಳೆಯದನ್ನು ಬಿಚ್ಚುವಾಗ ಕುಕ್ಕರಗಾಲಿನಲ್ಲಿ ಕೂತು, ಮೇಲಿನಿಂದಲೇ ಅದರ ತಿರುಪಿಗೆ ಸ್ಪ್ಯಾನರ್ ಹಾಕಿದ್ದಳು.

ತಿರುಪು ನೆಲ ನೋಡುತ್ತಿತ್ತು. ಗಾಳಿ ಮೇಲೆ ಹೋಗಿ ಕೂರುತ್ತದೆ. ಅವರು ಕೆಳಗಿನಿಂದ ಎಣ್ಣೆ ಬಸಿಯುತ್ತಿದ್ದರು. ಸಂಜೆಯವರೆಗೆ ತುಳಿದರೂ ಆ ಗಾಳಿ ಅಲ್ಲಿಂದ ಕದಲುತ್ತಿರಲಿಲ್ಲ.

ಹೇಳಿದರೆ ಗೆದ್ದದ್ದು ಹೋಯಿತು. ಅವಳು ರಬ್ಬರ್ ಮುಚ್ಚಳವನ್ನು ತಿರುಪಿಗೆ ಅರ್ಧ ಸಿಕ್ಕಿಸಿ, ಮತ್ತೆ ಕಿತ್ತಳು. ಆಮೇಲೆ ಎದ್ದು, ಕಾರಿನ ಮೂಗನ್ನು ಸುತ್ತು ಹಾಕಿ ಬಲಗಡೆಗೆ ಹೋಗಿ ಬಗ್ಗಿದಳು.

"ಏಯ್, ಈ ಕಡೆ ಏನೇ ನಿನಗೆ ಕೆಲಸ?"

"ನಿಂದೂ ತಲೆಕೆಳಗು."

"ಏನು?"

"ನಂದು ಬಲಗಡೇದು. ನಿಂದು ಎಡಗಡೇದು. ಅದಲುಬದಲು ಕಟ್ಟಿದ್ದೀವಿ. ನೋಡು, ತಿರುಪು ಮೇಲಿರಬೇಕಿತ್ತು."

ಅಣ್ಣ ನೋಡಿದ. ಎಡಗಡೆಗೆ ಹೋಗಿ ನೋಡಿದ. ಮತ್ತೆ ಬಂದು ತನ್ನದನ್ನು ನೋಡಿದ. ಒಳಗೆ ಕೂತಿದ್ದ ಅಮ್ಮ, "ಒಬ್ಬರ ಕಡೆ ಇನ್ನೊಬ್ಬರು ಒಂದು ಸಲ ಇಣುಕಿದ್ರೆ ಏನು ಗಂಟು ಹೋಗ್ತಿತ್ರೋ?" ಎಂದು ನಕ್ಕಳು. ನಗು ಮಕ್ಕಳಿಗೂ ಹತ್ತಿತು. ಅಷ್ಟರಲ್ಲೇ ಅಣ್ಣ, "ಹಾಗಾದ್ರೆ ಪಂದ್ಯ ರದ್ದು!" ಎಂದು ಕೂಗಿದ.

"ರದ್ದಾದ್ರೆ ಮತ್ತೆ ಕಟ್ಟೋಣ. ಈಗಿಂದ!"

ಇಬ್ಬರೂ ಸ್ಪ್ಯಾನರಿಗೆ ಹಾರಿದರು. ಬಿಚ್ಚಿದ ಮೇಲೆ ಅವನು, "ನಿಂದು ಇತ್ತ ಕೊಡು," ಎಂದ. "ಕೊಡಲ್ಲ. ನಾನು ಬಿಚ್ಚಿದ್ದನ್ನ ನಾನೇ ಕಟ್ತೀನಿ," ಎಂದು ಅವಳು ತನ್ನ ಕ್ಯಾಲಿಪರನ್ನು ಎದೆಗವಚಿಕೊಂಡು ಬಲಗಡೆಗೆ ಓಡಿದಳು. ಅವನೂ ತನ್ನದನ್ನು ಬಿಡದೆ ಎಡಗಡೆಗೆ ಓಡಿದ. ಕಾರಿನ ಮೂಗಿನ ಎದುರು ಭುಜಕ್ಕೆ ಭುಜ ಬಡಿಯಿತು. ಎರಡು ಹನಿ ಬ್ರೇಕ್ ಎಣ್ಣೆ ಅವಳು ಉಜ್ಜಿ ಹೊಳೆಸಿದ್ದ ಬಣ್ಣದ ಮೇಲೆ ಬಿತ್ತು. ಆ ಎಣ್ಣೆ ಬಣ್ಣ ತಿನ್ನುತ್ತದೆ. ಅವಳು ತಿರುಗುವಷ್ಟರಲ್ಲಿ ಅಣ್ಣ ಒಂದು ಚೊಂಬು ನೀರು ಸುರಿದು ಅಂಗಿಯ ತೋಳಿನಿಂದಲೇ ಒರೆಸಿ ಕೆಲಸಕ್ಕೆ ಕೂತಿದ್ದ.

"ಅಲ್ಲೇ ಹೊತ್ತು ಹೋಯ್ತು ನಿಂದು, ಸೋತೆ!" ಎಂದಳು.

"ಆಯ್ತು!" ಎಂದು ಕೂಗಿದ್ದು ಅವನು.

ಅವಳ ಕೈಯಲ್ಲಿ ಇನ್ನೊಂದು ಬೋಲ್ಟು ಪೂರ್ತಿ ಇತ್ತು. ಅದನ್ನು ಬಿಗಿ ಮಾಡಿದಳು. ಎರಡು ಸಲ ಪರೀಕ್ಷಿಸಿದಳು.

ಉಳಿದಿದ್ದ ಎಣ್ಣೆ ಹೇಗೋ ಸಾಕಾಯಿತು. ಈ ಸಲ ಗುಳ್ಳೆಗಳು ಒಂದರ ಹಿಂದೆ ಒಂದು ಕೊಳವೆಯಲ್ಲಿ ಓಡಿಬಂದವು. ಆಮೇಲೆ ಚಿಕ್ಕವು, ಆಮೇಲೆ ಬರೀ ಎಣ್ಣೆ. "ಅಯ್ಯೋ, ಕಲ್ಲು ಕಣ್ರೋ!" ಎಂದು ಅಮ್ಮ ಚಪ್ಪಾಳೆ ತಟ್ಟಿದಳು. "ಇಳಿಯೋದೇ ಇಲ್ಲ ಇದು!"

ಚಕ್ರ ಏರಿಸಿ, ಜಾಕ್ ಇಳಿಸಿ, ಅಮ್ಮನನ್ನು ಕೆಳಗಿಳಿಸಿದರು. ತಂಗಿ ಎಡಗಡೆಯ ಬಾಗಿಲಿಗೆ ಕೈ ಹಾಕಿದಳು. ಅಲ್ಲಿ ಆಗಲೇ ಅಣ್ಣ ಕೂತಿದ್ದ.

"ಗೆದ್ದದ್ದು ನೀನು," ಎಂದಳು.

"ಎಡಗಡೆ ಕಟ್ಟಿದ್ದು ನಾನು. ನನ್ನ ಕಡೆ ನಾನು ಕೂತಿದ್ದೀನಿ." ಅವನು ಕೀಲಿಯನ್ನು ಬಲಗಡೆಯ ಸೀಟಿನ ಮೇಲೆ ಎಸೆದ. "ಬಾಯಿ ಬಿಟ್ಕೊಂಡು ನಿಲ್ಲಬೇಡ ಮಾರಾಯ್ತಿ. ಹತ್ತು."

ಬೆಟ್ಟದ ಬುಡದಲ್ಲಿ ತಪಾಸಣೆಯವರು ಮೇಜು ಮಡಚುತ್ತಿದ್ದರು. ಅವರಲ್ಲಿ ಟೋಪಿ ಹಾಕಿದ್ದ ಒಬ್ಬರು ಸಿಡುಕುತ್ತ ಮಣ್ಣಿನ ರಸ್ತೆಯ ತುದಿಗೆ ಹೋಗಿ ನಿಂತು, "ಜೋರಾಗಿ ಬನ್ನಿ, ನಾನು ಕೈ ಎತ್ತಿದ ಕೂಡಲೇ ನಿಲ್ಸಿ!" ಎಂದು ಕೂಗಿದರು.

ಅವಳು ಜೋರಾಗಿಯೇ ಬಂದಳು. ಎರಡನೇ ಗೇರು, ಮೂರನೇ ಗೇರು. ಟೋಪಿಯವರು ಹತ್ತಿರವಾದರು, ಇನ್ನೂ ಹತ್ತಿರವಾದರು. ಕೈ ಮೇಲೆ ಹೋಯಿತು. ಅವಳ ಕಾಲು ಒಂದೇ ಸಲ ಇಳಿಯಿತು. ಪಕ್ಕದಲ್ಲಿ ಅಣ್ಣನ ಬಲಗಾಲೂ ಏನೂ ಇಲ್ಲದ ಕಡೆ ನೆಲವನ್ನು ಒತ್ತಿ ಹಿಡಿದಿತ್ತು.

ಕಾರು ನೆಟ್ಟಗೆ ನಿಂತಿತು. ಹಿಂದೆ ಬೆನ್ನಟ್ಟಿ ಬಂದಿದ್ದ ಧೂಳು ನಿಲ್ಲಲಾರದೆ ಇಬ್ಬರ ತಲೆಯ ಮೇಲೆ ಹಾದು, ಕೈ ಎತ್ತಿಕೊಂಡೇ ನಿಂತಿದ್ದವರನ್ನೂ ದಾಟಿ, ಬೆಟ್ಟದ ದಾರಿಯಲ್ಲಿ ಮುಂದೆ ಹೋಯಿತು.