ಚೇಂಬರಿಗೆ ಸುರಿದ ಮೈಲುತುತ್ತ

೧೯೮೬ರ ಬೇಸಿಗೆ. ಇಟ್ಟಮಡುವಿನ ಪಕ್ಕದ ನೌಕರರ ಬಡಾವಣೆಯಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಚಕ್ರಪಾಣಿಯವರ ಮನೆ ಮೋರಿ ಮತ್ತೆ ಕಟ್ಟಿಕೊಂಡಿತ್ತು. ತೆಂಗಿನ ಬೇರು ಪೈಪಿನೊಳಗೆ ನುಗ್ಗಿತ್ತು. ಅವರು ಚೇಂಬರಿನ ಕಲ್ಲು ಸರಿಸಿ, ನೀಲಿ ಮೈಲುತುತ್ತವನ್ನು ಬಕೆಟ್‌ನಲ್ಲಿ ಕರಗಿಸಿ ಸುರಿಯುತ್ತಿದ್ದರು. ಪಕ್ಕದ ಮನೆಯ ವಿಮಲಾ ನೋಡಿ ತಲೆ ಚಚ್ಚಿಕೊಂಡಳು. ಬಡಾವಣೆಯ ಕೊಳಚೆ ನೀರು ಶುದ್ಧ ಮಾಡುವ ಘಟಕದ ಕೆಮಿಸ್ಟ್ ಅವಳೇ. ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

“ಅಂಕಲ್, ಮತ್ತೆ ಅದನ್ನೇ ಹಾಕ್ತಿದೀರಲ್ಲ! ಹೋದ ಸಲಾನೇ ಬೇಡ ಅಂದಿದ್ನಲ್ಲ!”

“ಬೇರು ಸಾಯ್ಬೇಕಲ್ಲಮ್ಮ. ಬಚ್ಚಲಲ್ಲಿ ನೀರು ನಿಂತಿದೆ.”

“ಬೇರಿನ ಜೊತೆ ನಮ್ಮ ಘಟಕದ ಟ್ಯಾಂಕಿನ ಜೀವಾಣುಗಳೂ ಸಾಯ್ತವೆ.”

“ಕೊಳಚೇಲಿರೋ ಕ್ರಿಮಿ ತಾನೆ? ಸತ್ರೆ ಒಳ್ಳೇದೇ ಆಯ್ತು!”

ವಿಮಲಾಗೆ ಮೈಯೆಲ್ಲ ಉರಿಯಿತು. “ಏನ್ ಒಳ್ಳೇದು ಅಂಕಲ್? ಬಟ್ಟೆ ಒಗೆಯೋ ಪುಡೀಲಿ, ಕಕ್ಕಸಿನ ನೀರಲ್ಲಿ ರಂಜಕ, ಅಂದ್ರೆ ಫಾಸ್ಫರಸ್ ಇರತ್ತೆ. ಅದು ಪಾಚಿಗೆ ಗೊಬ್ಬರ. ಈ ಜೀವಾಣುಗಳು ರಂಜಕಾನ ಹೊಟ್ಟೆಗೆ ತುಂಬ್ಕೊಳ್ತವೆ. ನಾವು ಅವನ್ನ ಕೆಸರಿನ ಜೊತೆ ಹೊರಗೆ ತೆಗೀತೀವಿ. ಮೈಲುತುತ್ತ ಬಿದ್ರೆ ಅವು ಕೆಲಸ ನಿಲ್ಲಿಸ್ತವೆ, ರಂಜಕ ಸೀದಾ ಕೆಳಗಿನ ಕೆರೆಗೆ ಹೋಗತ್ತೆ.”

“ಒಂದು ಬಕೆಟ್‌ಗೆ ಏನಾಗತ್ತಮ್ಮ?”

“ನಿಮ್ಮನ್ನ ನೋಡಿ ಬೀದಿಯೋರೆಲ್ಲ ಒಂದೊಂದು ಬಕೆಟ್ ಹಾಕ್ತಿದಾರೆ! ನಮ್ಮದು ಪುಟ್ಟ ಟ್ಯಾಂಕು.”

ಚಕ್ರಪಾಣಿ ನಕ್ಕು ಒಳಗೆ ಹೋದರು. ಯಾರಿಗೆ ಹೇಳುವುದು ಈ ಸಂಕಟ!

ದಿನ ಕಳೆದು ಬಿಸಿಲು ಏರಿದಂತೆ ಕೆಳಗಿನ ಕೆರೆಯ ಮೇಲೆ ಪಾಚಿ ಕೆನೆಗಟ್ಟಿತು. ನಾತ ಬಡಾವಣೆಯವರೆಗೂ ಬಂತು. ಒಂದು ಬೆಳಿಗ್ಗೆ ಹಾಲು ತರುವ ಮುನಿಯಕ್ಕ ಬರಿಗೈಯಲ್ಲಿ ಬಂದು ಚಕ್ರಪಾಣಿಯವರ ಗೇಟಿನ ಬಳಿ ಕುಸಿದು ಕೂತಳು. ಅವಳ ಅಳು ಕೇಳಿ ವಿಮಲಾ ಓಡಿ ಬಂದಳು.

“ಹಾಲಿಲ್ಲ ಸ್ವಾಮಿ. ಕೆರೆ ನೀರು ಕುಡ್ದು ನನ್ನೆಮ್ಮೆ ಸತ್ತೋಯ್ತು. ಪಾಚಿ ವಿಸ ಆಗೈತೆ ಅಂದ್ರು ದನದ ಡಾಕ್ಟ್ರು. ಇದ್ದಿದ್ದು ಅದೊಂದೇ. ಇನ್ನು ನನ್ ಮಕ್ಳಿಗೆ ಏನಿಕ್ಲಿ?”

ವಿಮಲಾಳ ಮುಖ ನೋಡುವ ಧೈರ್ಯ ಚಕ್ರಪಾಣಿಯವರಿಗೆ ಇರಲಿಲ್ಲ.

“ತಪ್ಪಾಯ್ತಮ್ಮ. ಈ ಹಾಳು ವಿಷ ಮನೇಲೇ ಇರೋದು ಬೇಡ,” ಎಂದು ಒಳಗಿನಿಂದ ಉಳಿದ ಮೈಲುತುತ್ತದ ಪೊಟ್ಟಣ ತಂದರು. ತಂದವರೇ ಚೇಂಬರಿನ ಕಲ್ಲು ಎತ್ತಿದರು!

“ಅಯ್ಯೋ ಅಂಕಲ್! ಅದನ್ನೂ ಅಲ್ಲಿಗೇ ಸುರೀತೀರಾ?” ವಿಮಲಾ ಪೊಟ್ಟಣ ಕಸಿದುಕೊಂಡಳು.

“ಮತ್ತೆಲ್ಲಿ ಹಾಕ್ಲಮ್ಮ?”

“ದ್ರಾಕ್ಷಿ ತೋಟದೋರಿಗೆ ಕೊಟ್ಟುಬಿಡಿ. ಗಿಡಕ್ಕೆ ಔಷಧಿ ಹೊಡೆಯೋಕೆ ಅವರಿಗೆ ಬೇಕಾಗತ್ತೆ. ಬೇರನ್ನ ಕತ್ತರಿಸಿ ತೆಗೆಸೋಣ.”

ಅಂದೇ ಬೇರು ತೆಗೆಸಿದರು. ಚಕ್ರಪಾಣಿ ತಾವೇ ಬೀದಿಯ ಮನೆ ಮನೆಗೂ ಹೋಗಿ ಮೈಲುತುತ್ತ ಹಾಕಬೇಡಿ ಎಂದು ಹೇಳಿ ಬಂದರು. ಟ್ಯಾಂಕಿನ ಜೀವಾಣುಗಳು ಚೇತರಿಸಿಕೊಳ್ಳಲು ವಾರಗಟ್ಟಲೆ ಹಿಡಿಯಿತು. ಮುನಿಯಕ್ಕನ ಕೊಟ್ಟಿಗೆ ಮಾತ್ರ ಇನ್ನೂ ಖಾಲಿ.

ಅಕ್ಕಂದಿರೇ, ಅಣ್ಣಂದಿರೇ, ಮೋರಿಗೆ ಹಾಕಿದ್ದು ಮೋರಿಯಲ್ಲೇ ಮುಗಿಯುವುದಿಲ್ಲ. ಮೈಲುತುತ್ತ, ಆಸಿಡ್, ಪೇಂಟು, ಹಳೆಯ ಔಷಧಿ ಯಾವುದನ್ನೂ ಚೇಂಬರಿಗೆ ಸುರಿಯಬೇಡಿ. ನಿಮ್ಮ ಬೀದಿಯಲ್ಲೂ ಒಬ್ಬ ವಿಮಲಾ ಗಂಟಲು ಹರಿದುಕೊಳ್ಳುತ್ತಿರಬಹುದು. ಅವಳ ಮಾತನ್ನು ಇವತ್ತೇ ಕೇಳಿ. ಎಮ್ಮೆ ಸತ್ತ ಮೇಲೆ ಕೇಳಿ ಏನು ಬಂತು?